ಮಂದಿ ಎಣಿಸಿದರೆ ಸಾಲದು

ಕಾರ್ತಿಕ ಹುಣ್ಣಿಮೆಯ ರಾತ್ರಿ ಖಿದ್ರಾಪುರದ ಕೋಪೇಶ್ವರ ಗುಡಿಗೆ ಜಾತ್ರೆಯಂತೆ ಜನ ಸೇರುತ್ತಾರೆ. ಸ್ವರ್ಗಮಂಟಪದ ನಡುವೆ ಮಾಳಿಗೆ ಮುಚ್ಚದೆ 13 ಅಡಿ ಅಗಲದ ದುಂಡನೆಯ ಬಯಲು ಬಿಟ್ಟಿದ್ದಾರೆ. ಚಂದ್ರ ಅದರ ನೇರಕ್ಕೆ ಬಂದಾಗ ಕೆಳಗಿನ ರಂಗಶಿಲೆ ಬೆಳ್ಳಗೆ ಹೊಳೆಯುತ್ತದೆ. ಶಿಲಾಹಾರರ ಕಾಲದ, 12ನೇ ಶತಮಾನದ ಈ ಕೆಲಸ ನೋಡಲು ಜನ ಬರಬೇಕು. ನನ್ನ ತಕರಾರು ಬರುವವರ ಮೇಲಲ್ಲ, ಕರೆಯುವ ನಮ್ಮ ರೀತಿಯ ಮೇಲೆ.

ನಮ್ಮಲ್ಲಿ ‘ಪರ್ಯಟನ ವಿಕಾಸ’ ಅಂದ್ರ ಏನು? ರಸ್ತೆ, ಕಮಾನು, ಪಾರ್ಕಿಂಗ್, ಬಣ್ಣದ ದೀಪ. ಈ ವರ್ಷ ಇಷ್ಟು ಮಂದಿ ಬಂದರು ಎಂದರೆ ಸಭೆಯಲ್ಲಿ ಚಪ್ಪಾಳೆ. ಈ ಗುಡಿ ದಿನಕ್ಕ ಎಷ್ಟು ಮಂದೀನ ತಾಳತೈತಿ, ಈ ಊರಿನ ನೀರು, ಗಟಾರ, ಓಣಿ ಎಷ್ಟು ಮಂದಿಗೆ ಸಾಲತಾವ ಅಂತ ಯಾರೂ ಕೇಳುವುದಿಲ್ಲ. ಚಕ್ಕಡಿಗೆ ಎಷ್ಟು ಕಬ್ಬು ಹೇರಬೇಕು ಎಂಬುದು ನಮ್ಮ ರೈತನಿಗೆ ಗೊತ್ತು. ಎತ್ತಿನ ಬಗ್ಗೆ ಇರುವ ಆ ಕರುಣೆ ಗುಡಿಯ ಬಗ್ಗೆ ಯಾಕಿಲ್ಲ?

ಗುಡಿಯ ಒಳಗೆ ಹೊರಗೆ ಸೇರಿ ಸುಮಾರು ಹನ್ನೆರಡು ಶಾಸನಗಳಿವೆ. ಒಂದನ್ನು ಬಿಟ್ಟರೆ ಎಲ್ಲವೂ ಕನ್ನಡದವು. ಆ ಒಂದು, ದಕ್ಷಿಣ ಬಾಗಿಲ ಹತ್ತಿರ ಇರುವ ಯಾದವ ದೊರೆ ಸಿಂಘಣನ ಸಂಸ್ಕೃತ ಶಾಸನ. ದೇವರಿಗೆ ಬಿಟ್ಟ ದತ್ತಿಯನ್ನು ಅದು ಹೇಳುತ್ತದೆ. ಅಂದರೆ ಹಿಂದಿನವರು ಗುಡಿಗೆ ಬಂದು ಕೈಮುಗಿದು ಹೋಗಲಿಲ್ಲ, ಅದು ನಡೆದುಕೊಂಡು ಹೋಗಲು ದಾರಿ ಮಾಡಿ ಹೋದರು. ಇಂದು ನಾವು ಬಿಟ್ಟು ಹೋಗುವುದು ನೀರಿನ ಬಾಟಲಿ, ಗುಟಖಾ ಚೀಟಿ. ಬಹಳಷ್ಟು ಅಕ್ಷರಗಳು ಆಗಲೇ ಸವೆದಿವೆ. ಉಳಿದವಕ್ಕೆ ಬೆನ್ನು ಹಚ್ಚಿ ಫೋಟೊ ತೆಗೆಸಿಕೊಳ್ಳುವವನಿಗೆ ಅದು ಅಕ್ಷರ ಎಂಬುದೇ ತಿಳಿದಿರುವುದಿಲ್ಲ. ತಪ್ಪು ಅವನದಷ್ಟೇ ಅಲ್ಲ, ಹೇಳಿಕೊಡದ ನಮ್ಮದೂ ಹೌದು.

ಇನ್ನು ನರಸೋಬಾವಾಡಿ. ಪಂಚಗಂಗೆ ಕೃಷ್ಣೆಗೆ ಸೇರುವ ಜಾಗ. ಹೊಳೆ ಏರಿ ದತ್ತನ ಗುಡಿಯಲ್ಲಿ ದಕ್ಷಿಣದ್ವಾರ ಆದಾಗ ಮುಳುಗು ಹಾಕಲು ಭಕ್ತರು ಓಡಿ ಬರುತ್ತಾರೆ. ಆದರೆ ಆ ನೀರು ಎಲ್ಲಿಂದ ಬಂತು? ಕೊಲ್ಹಾಪುರದ ಗಟಾರ, ಇಚಲಕರಂಜಿಯ ಬಣ್ಣದ ಕಾರಖಾನೆಗಳ ಹೊಲಸು ಪಂಚಗಂಗೆಗೇ ಬೀಳುತ್ತವೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತದ್ದನ್ನು ನಾವು ಮರೆತಿಲ್ಲ. ಘಾಟಿನ ಮೇಲೆ ನಾಲ್ಕು ಕಸದ ಡಬ್ಬಿ ಇಟ್ಟರೆ ಕ್ಷೇತ್ರ ಶುದ್ಧವಾಗುವುದಿಲ್ಲ. ಕ್ಷೇತ್ರದ ಸ್ವಚ್ಛತೆ ಮೇಲಿನ ಊರಿನ ಮೋರಿಯಿಂದ ಶುರುವಾಗಬೇಕು.

ದಾರಿ ಇಲ್ಲವೆಂದಲ್ಲ. ಸಾತಾರಾ ಹತ್ತಿರದ ಕಾಸ ಪಠಾರ ನೋಡಿರಿ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೂವು ನೋಡಲು ಮಂದಿ ಮುಗಿಬಿದ್ದರು, ಹೂವನ್ನೇ ತುಳಿದರು. ಆಮೇಲೆ ದಿನಕ್ಕೆ 3000 ಮಂದಿ ಎಂದು ಮಿತಿ ಹಾಕಿದರು, ಮುಂಗಡ ನೋಂದಣಿ, ಶುಲ್ಕ ಇಟ್ಟರು. ಸುತ್ತಲಿನ ಹಳ್ಳಿಗಳ ಸಮಿತಿಗಳೇ ಕಾವಲು, ಸ್ವಚ್ಛತೆಗೆ ನಿಂತವು. ದೋಷ ಅಲ್ಲಿಯೂ ಇರಬಹುದು, ಆದರೆ ‘ಇಷ್ಟು ಸಾಕು’ ಎನ್ನುವ ಧೈರ್ಯ ತೋರಿಸಿದರು.

“ಮಿತಿ ಹಾಕಿದ್ರ ನಮ್ಮ ಹೊಟ್ಟಿ ಮ್ಯಾಲೆ ಹೊಡದಂಗ ಆಗೂದಿಲ್ಲೇನು?” ಎಂದು ಕಾಯಿ ಮಾರುವವ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಅರ್ಧ ತಾಸು ನಿಂತು ಓಡುವ ಸಾವಿರ ಮಂದಿಗಿಂತ, ಊರಿನ ಹುಡುಗನಿಂದ ಕಥೆ ಕೇಳಿ, ಊರಿನ ಮನೆಯಲ್ಲಿ ರೊಟ್ಟಿ ಉಂಡು ಹೋಗುವ ನೂರು ಮಂದಿ ಊರಿಗೆ ಹೆಚ್ಚು ಕೊಡುತ್ತಾರೆ. ಹುಣ್ಣಿಮೆಯ ಒಂದೇ ರಾತ್ರಿಗೆ ಎಲ್ಲರೂ ನುಗ್ಗುವ ಬದಲು ಬೇರೆ ದಿನಗಳಿಗೂ ಹಂಚಿಕೊಂಡು ಬಂದರೆ ಅಂಗಡಿಗೂ ವರ್ಷವಿಡೀ ವ್ಯಾಪಾರ.

ಈ ಕೆಲಸದಲ್ಲಿ ಗಡಿಯೂ ಅಡ್ಡ ಬರಬಾರದು. ಕೋಪೇಶ್ವರನ ಮುಂದೆ ನಂದಿಯಿಲ್ಲ. ಆತನ ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೇವರನ್ನೂ ನಂದಿಯನ್ನೂ ಒಂದೇ ಹೊಳೆ ಕೂಡಿಸಿದೆ. 2019, 2021ರ ಮಹಾಪೂರಗಳೂ ಎರಡೂ ದಂಡೆಗೆ ಒಂದೇ ಪಾಠ ಕಲಿಸಿದವು.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಸಹಲಿಗೆ ಮಕ್ಕಳನ್ನು ಖಿದ್ರಾಪುರಕ್ಕೆ ಕರೆದೊಯ್ದಾಗ ಮೊದಲು ಆಕಾಶ ತೋರಿಸಬೇಡಿರಿ, ಗೋಡೆ ತೋರಿಸಿರಿ. ಮುಟ್ಟದೆ ಒಂದು ಕನ್ನಡ ಅಕ್ಷರ ಹುಡುಕಲು ಹೇಳಿರಿ. ಹುಡುಕಿದ ಮಗು ಮುಂದೆ ಆ ಗೋಡೆಗೆ ಬೆನ್ನು ಹಚ್ಚುವುದಿಲ್ಲ.