ಮೂಳೆಗೆ ವಿಮೆ, ಗಾಲಿಗೆ ಶಿಬಿರ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ, ಯಶಸ್ವಿನಿ ಯೋಜನೆ ಜಾರಿಗೆ ಬಂತು. ಡಾ. ದೇವಿ ಶೆಟ್ಟಿಯವರ ಆಲೋಚನೆ, ಸಹಕಾರ ಸಂಘಗಳ ಜಾಲ, ತಿಂಗಳಿಗೆ 5 ರೂಪಾಯಿ ಲೆಕ್ಕದ ವಂತಿಗೆ. ಡೇರಿಗೆ ಹಾಲು ಹಾಕುವ ರೈತನೂ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳಬಹುದು ಎಂದು ತೋರಿಸಿದ ಆ ಯೋಜನೆಯನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಅದರ ಹುಟ್ಟುಗುಣವೊಂದು ಮುಂದೆ ಬಂದ ಯೋಜನೆಗಳಿಗೂ ಅಂಟಿಕೊಂಡಿತು. ಕಾಯಿಲೆ ಎಂದರೆ ಆಸ್ಪತ್ರೆಯೊಳಗೆ ನಡೆಯುವ ಸಂಗತಿ, ಡಿಸ್‌ಚಾರ್ಜ್ ಆದ ಮೇಲೆ ಉಳಿಯುವುದೆಲ್ಲ ಮನೆಯವರ ಪಾಡು ಎಂಬುದೇ ಆ ಗುಣ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಒಟ್ಟು ಒಂದೂವರೆ ಲಕ್ಷದವರೆಗೆ. ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿವೆ. ಅದೇ ವರ್ಷ ನಿಂತುಹೋದ ಯಶಸ್ವಿನಿ 2023ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಪಟ್ಟಿ ಉದ್ದವಾಯಿತು, ಮೊತ್ತ ಏರಿತು, ಮನೋಧರ್ಮ ಮಾತ್ರ ಹಾಗೇ ಉಳಿಯಿತು.

ಮಂಡ್ಯದ ಬಳಿಯ ಹನಕೆರೆಯ ಅಜ್ಜಿಯೊಬ್ಬಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು ಎಂದಿಟ್ಟುಕೊಳ್ಳಿ. ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆ ದೂರವೇನಲ್ಲ. ರೇಷನ್ ಕಾರ್ಡು, ಆಧಾರ್ ಹಿಡಿದು ಮಗ ಓಡಾಡಿದರೆ ಆಪರೇಷನ್ ಆಗುತ್ತದೆ, ಒಳಗೆ ಹಾಕುವ ರಾಡು–ಸ್ಕ್ರೂಗಳ ಖರ್ಚೂ ಪ್ಯಾಕೇಜಿನಲ್ಲೇ ಕಳೆಯುತ್ತದೆ. ಮನೆಗೆ ಕರೆತಂದ ದಿನ ಬೇಕಾಗುವುದು ಬೇರೆಯೇ ಸಾಮಾನು: ಒಂದು ವಾಕರ್, ಕೂತೇ ಶೌಚ ಮಾಡಲು ಕಮೋಡ್ ಕುರ್ಚಿ, ಕೆಲವು ತಿಂಗಳ ಮಟ್ಟಿಗೆ ಗಾಲಿಕುರ್ಚಿ. ಅವಕ್ಕೆ ಪ್ಯಾಕೇಜಿಲ್ಲ. ದೇಹದೊಳಗೆ ಕೂರುವ ಸ್ಟೀಲು ಚಿಕಿತ್ಸೆ, ದೇಹವೇ ಕೂರುವ ಸ್ಟೀಲು ದಾನ.

ಇದು ಬರೀ ಕರುಣೆಯ ಮಾತಲ್ಲ, ಲೆಕ್ಕದ ಮಾತೂ ಹೌದು. ಸೊಂಟ ಮುರಿದ ಮುದುಕರು ಮಂಚ ಹಿಡಿದರೆ ಬೆನ್ನಹುಣ್ಣು, ಕಫ, ಮೂತ್ರದ ಸೋಂಕು ಹಿಂದೆಯೇ ಬರುತ್ತವೆ. ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಲು ಹೊರಟು ಮತ್ತೆ ಬೀಳುತ್ತಾರೆ. ಆಗ ಮತ್ತೆ ಅಡ್ಮಿಟ್, ಮತ್ತೆ ಪ್ಯಾಕೇಜು. ಸಾವಿರ–ಎರಡು ಸಾವಿರದ ವಾಕರಿಗೆ ಒಲ್ಲೆನೆಂದ ಯೋಜನೆ ಅದರ ಎಷ್ಟೋ ಪಟ್ಟನ್ನು ಎರಡನೇ ಸಲ ಆಸ್ಪತ್ರೆಗೆ ಕಟ್ಟುತ್ತದೆ.

ಖಾಸಗಿ ವಿಮೆಯೇನು ಮೇಲಲ್ಲ. ಹೈದರಾಬಾದಿನ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಪಟ್ಟಿಯೊಂದಿದೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸದಿದ್ದರೆ ವಿಮಾ ಕಂಪನಿ ಕೊಡಬೇಕಿಲ್ಲದ ಬಾಬ್ತುಗಳು ಅದರಲ್ಲಿವೆ. ನಡಿಗೆಯ ಸಾಧನಗಳು ಅಲ್ಲಿ ಸೌಂದರ್ಯ ಸೇವೆಗಳ ಜೊತೆಗೇ ಕೂತಿವೆ! ಪಟ್ಟಿ ಬರೆದವರಿಗೆ ಊರುಗೋಲೂ ಒಂದು ಅಲಂಕಾರವಾಗಿ ಕಂಡಿರಬೇಕು.

ಇಂಥ ಸಾಧನ ಕೊಡುವುದು ವಿಮೆಯಿಂದ ಆಗದ ಕೆಲಸವೇ? ಕಾರ್ಮಿಕರ ರಾಜ್ಯ ವಿಮೆ ಇಎಸ್‌ಐ ನೋಡಿ. 1948ರ ಕಾಯ್ದೆಯಿಂದ ಹುಟ್ಟಿದ ಈ ವಿಮೆ ಕೃತಕ ಕಾಲು, ಊರುಗೋಲು, ಗಾಲಿಕುರ್ಚಿಗಳನ್ನು ವಿಮೆ ಪಡೆದ ಕಾರ್ಮಿಕರಿಗೆ ಚಿಕಿತ್ಸೆಯ ಭಾಗವಾಗಿಯೇ ಕೊಡುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಗಾರರು ಅದರಲ್ಲಿ ಬರುತ್ತಾರೆ, ಸಂಬಳದ ಶೇ. 0.75 ಅವರ ಪಾಲು. ಹೆದ್ದಾರಿ ಬದಿಯ ಗಾರ್ಮೆಂಟ್ಸಿಗೆ ಬಸ್ಸು ಹತ್ತುವ ಹೆಣ್ಣುಮಗಳಿಗೆ ಗಾಲಿಕುರ್ಚಿ ಹಕ್ಕು. ಇಎಸ್‌ಐ ಇಲ್ಲದ ಪಕ್ಕದ ಮನೆಯಲ್ಲಿ ಕಬ್ಬು ಕಡಿಯುವ, ಎಳನೀರು ಇಳಿಸಲು ಮರ ಹತ್ತುವ ಅಪ್ಪನಿಗೆ ಅದು ಹಕ್ಕಲ್ಲ. ಮರದಿಂದ ಬಿದ್ದು ಬೆನ್ನುಹುರಿ ಜಜ್ಜಿಹೋಗುವ ಅಪಾಯ ಹೆಚ್ಚು ಯಾರಿಗೆ ಎಂದು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆ ಅಪ್ಪನಿಗೆ ಉಳಿದಿರುವುದು ಶಿಬಿರ. ಅಂಗವಿಕಲರಿಗೆ ಸಾಧನ ಕೊಡಲು 1981ರಿಂದ ನಡೆಯುತ್ತಿರುವ ಕೇಂದ್ರದ ಅಡಿಪ್ ಯೋಜನೆ, ಹಿರಿಯರಿಗಾಗಿ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ, ಎರಡಕ್ಕೂ ಸಾಮಾನು ಒದಗಿಸುವ ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಂಕೋ. ಇವು ಕೆಲಸ ಮಾಡಿಲ್ಲವೆಂದರೆ ಅನ್ಯಾಯವಾದೀತು. ತೆವಳುತ್ತಿದ್ದ ಎಷ್ಟೋ ಜನ ಇವುಗಳಿಂದಲೇ ಕುರ್ಚಿಗೆ ಏರಿದ್ದಾರೆ. ತೊಂದರೆ ಇರುವುದು ಶಿಬಿರದ ನಡಾವಳಿಯಲ್ಲಿ. ಮೊದಲು ತಪಾಸಣಾ ಶಿಬಿರ, ಅಳತೆ, ಅರ್ಜಿ. ಆಮೇಲೆ ಯಾವಾಗಲೋ ವಿತರಣಾ ಶಿಬಿರ, ಶಾಮಿಯಾನ, ಜನಪ್ರತಿನಿಧಿಗಳು ಬರುವವರೆಗೆ ಕಾಯುವುದು, ಫೋಟೋ. ಬೆನ್ನುಹುರಿಗೆ ಪೆಟ್ಟಾದವನಿಗೆ ಕುರ್ಚಿ ಬೇಕಿದ್ದದ್ದು ಆಸ್ಪತ್ರೆ ಬಿಟ್ಟ ಸಂಜೆ. ಅಡಿಪ್‌ಗೆ ಶೇ. 40 ಅಂಗವೈಕಲ್ಯದ ಪ್ರಮಾಣಪತ್ರವೂ ಬೇಕು. ನಾಲ್ಕು ತಿಂಗಳಲ್ಲಿ ಎದ್ದು ಓಡಾಡಬಹುದಾದ ಅಜ್ಜಿಗೆ ಅದನ್ನು ಯಾರು ಕೊಟ್ಟಾರು? ಅವಳು ವಯೋಶ್ರೀಗೆ ಅರ್ಹಳೇ ಇರಬಹುದು, ಆದರೆ ಸೊಂಟ ಶಿಬಿರದ ದಿನಾಂಕ ನೋಡಿಕೊಂಡು ಮುರಿಯುವುದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಮನೆಯನ್ನು ಯಾರೂ ನೋಡದಿರುವುದು. ಗಾಲಿಕುರ್ಚಿ ಕೊಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಎಂಟು ಹಂತಗಳ ಮಾರ್ಗಸೂಚಿ ಕೊಟ್ಟಿದೆ. ಬಳಸುವವರ ಅಳತೆ, ಅವರ ಮನೆ–ದಾರಿ, ಕೂರಿಸಿ ಸರಿಪಡಿಸುವುದು, ತರಬೇತಿ, ಆಮೇಲಿನ ವಿಚಾರಣೆ ಎಲ್ಲವೂ ಅದರಲ್ಲಿವೆ. ನಮ್ಮ ಹಳೇ ಮನೆಗಳಿಗೆ ಮೆಟ್ಟಿಲಿನ ಜಗಲಿ, ಎತ್ತರದ ಹೊಸಿಲು, ಹಿತ್ತಲಲ್ಲಿ ಕಿರಿದಾದ ಬಾಗಿಲಿನ ಶೌಚಾಲಯ. ಮಡಚುವ ಆಸ್ಪತ್ರೆ ಮಾದರಿಯ ಕುರ್ಚಿ ಅಲ್ಲಿ ಜಗಲಿ ದಾಟುವುದಿಲ್ಲ, ಅದರ ಸಣ್ಣ ಮುಂಗಾಲಿ ಗದ್ದೆ ದಾರಿಯ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ದಾರಿಯ ಕಷ್ಟ ಹನಕೆರೆಗೂ ಗೊತ್ತಿರುವಂಥದ್ದೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆಚೆಗೆ ದಾಟಲು ಅಂಡರ್‌ಪಾಸ್ ಬೇಕೆಂದು 2023ರಲ್ಲಿ ಹನಕೆರೆಯವರು ರಸ್ತೆಗಿಳಿದಿದ್ದರು. ಗಟ್ಟಿ ಕಾಲಿನವರಿಗೇ ದಾಟಲು ಹೋರಾಟ ಬೇಕಾದ ಕಡೆ ಕುರ್ಚಿಯಲ್ಲಿ ಕೂತವರ ದಾರಿ ಯಾರ ನಕಾಶೆಯಲ್ಲೂ ಇಲ್ಲ.

ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿರುವ ಕೆಲವು ಕನ್ನಡ ಹಿರಿಯರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಗೊತ್ತು. ವೈದ್ಯರು ಬರೆದುಕೊಟ್ಟರೆ, ವರ್ಷದ ಮೊದಲ ನಿಗದಿತ ಖರ್ಚನ್ನು ಕೈಯಿಂದ ಕಟ್ಟಿದ ಮೇಲೆ, ಗಾಲಿಕುರ್ಚಿಗೆ ತಾನು ಒಪ್ಪಿದ ಬೆಲೆಯ ಶೇ. 80ನ್ನು ಅದು ಭರಿಸುತ್ತದೆ. ಆದರೆ ಅಲ್ಲೂ ಒಂದು ಕೊಂಕಿದೆ: ಮನೆಯೊಳಗೆ ಓಡಾಡಲು ಬೇಕಿದ್ದರೆ ಮಾತ್ರ, ಬೀದಿ ಸುತ್ತಲು ಬೇಕೆಂದರೆ ಇಲ್ಲ. ನಕಲು ಮಾಡುವವರು ಆ ಷರತ್ತನ್ನು ಬಿಟ್ಟು ಮಾಡಬೇಕು.

ಇವನ್ನೆಲ್ಲ ವಿಮೆಗೆ ಸೇರಿಸಿದರೆ ದುರುಪಯೋಗವಾಗುತ್ತದೆ, ಗಾಲಿಕುರ್ಚಿ ಮಾರಿಕೊಳ್ಳುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಬರಲಿ. ಆಪರೇಷನ್ ಪ್ಯಾಕೇಜುಗಳಲ್ಲೂ ಸುಳ್ಳು ಬಿಲ್ಲುಗಳ ದೂರುಗಳು ಬಂದಿವೆ, ಹಾಗೆಂದು ಆಪರೇಷನ್ ನಿಲ್ಲಿಸಲಿಲ್ಲ. ಸೊಂಟ, ತೊಡೆ, ಬೆನ್ನುಹುರಿಯ ಪ್ಯಾಕೇಜಿಗೆ ವಾಕರೋ ಕುರ್ಚಿಯೋ ಸೇರಿಸಿ, ಡಿಸ್‌ಚಾರ್ಜ್ ಚೀಟಿಯಲ್ಲೇ ಅದನ್ನು ಬರೆದು, ಫಿಸಿಯೋಥೆರಪಿಸ್ಟ್ ಅಳತೆ ನೋಡಿ ಕೈಗೆ ಕೊಡುವುದಕ್ಕೆ ಹೊಸ ಇಲಾಖೆಯೇನೂ ಬೇಡ. ತಿಂಗಳುಗಳಲ್ಲಿ ಬೇಡವಾಗುವುದನ್ನು ಸಾಲವಾಗಿ ಕೊಟ್ಟು ವಾಪಸು ಪಡೆಯಬಹುದು. ಯಶಸ್ವಿನಿಗಂತೂ ಊರೂರಿನಲ್ಲಿ ಸಹಕಾರ ಸಂಘದ ಕಟ್ಟಡವಿದೆ, ಕಾರ್ಯದರ್ಶಿಯಿದ್ದಾನೆ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಅವನಿಗೆ ತಿಳಿದಿರುತ್ತದೆ. ಹೊಸಿಲಿಗೆ ಇಳಿಜಾರು, ಬಚ್ಚಲಿಗೆ ಹಿಡಿಕೆ ಹಾಕಿಸಲು ಪಂಚಾಯಿತಿಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇ. 5ರ ಹಣವಿದೆ.

ಇನ್ನುಳಿದದ್ದು ರಿಪೇರಿ. ಅಡಿಪ್‌ನಲ್ಲಿ ಒಮ್ಮೆ ಕೊಟ್ಟ ಸಾಧನವನ್ನು ಮೂರು ವರ್ಷದೊಳಗೆ ಮತ್ತೆ ಕೇಳುವಂತಿಲ್ಲ. ಮುಂಗಾಲಿ ಮೊದಲ ಮಳೆಗಾಲಕ್ಕೇ ಮುರಿದರೆ ಸೈಕಲ್ ಶಾಪಿನವನ ಹತ್ತಿರ ಆ ಅಳತೆಯ ಗಾಲಿ ಇರುವುದಿಲ್ಲ. ಟೈರು, ಬೇರಿಂಗು, ಬ್ರೇಕಿನ ಖರ್ಚು ವಿಮೆಯೊಳಗೆ ಬರುವವರೆಗೆ ಎಷ್ಟೋ ಕುರ್ಚಿಗಳು ಕೊಟ್ಟಿಗೆಯಲ್ಲಿ ಮೇವಿನ ಚೀಲ ಹೊರುತ್ತಲೇ ಇರುತ್ತವೆ.