ಒಂದು ಲಾಂಛನದ ಸಾಕ್ಷ್ಯ

ನಾಣ್ಯ, ಮುದ್ರೆ, ಶಾಸನಗಳು ಏನನ್ನು ಹೇಳುತ್ತವೆ ಎಂಬುದರೊಡನೆ ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನೂ ಇತಿಹಾಸಕಾರನು ವಿಚಾರಿಸಬೇಕಾಗುತ್ತದೆ. ಇಂತಹ ವಿಮರ್ಶೆಗೆ ತಕ್ಕ ಆಧುನಿಕ ಮುದ್ರೆಯೊಂದುಂಟು. ಅದು ಚಿಕಿತ್ಸಾಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗಿನೋಡುವ, 1993ರಲ್ಲಿ ಸ್ಥಾಪಿತವಾದ ಕಾಕ್ರೇನ್ ಸಂಸ್ಥೆಯ ಲಾಂಛನ. ಅದರಲ್ಲಿರುವ ಏಳು ಅಡ್ಡಗೆರೆಗಳು ಏಳು ಪ್ರಯೋಗಗಳ ಗುರುತು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ ಗರ್ಭಿಣಿಯರಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಶಿಶುಗಳು ಬದುಕುವುದು ಹೆಚ್ಚೆಂಬುದೇ ಅವುಗಳ ಒಟ್ಟು ಸಾರ.

ಈ ಮದ್ದು ಗರ್ಭಸ್ಥ ಶಿಶುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 282 ತಾಯಂದಿರ ಮೇಲೆ ನಡೆಸಿದ ಪ್ರಯೋಗವನ್ನು 1972ರಲ್ಲಿಯೇ ಪ್ರಕಟಿಸಿದರು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದನ್ನು ವ್ಯಾಪಕವಾಗಿ ಬಳಸಬೇಕೆಂದು ಸಾರಿದ್ದು 1994ರಲ್ಲಿ. ಸಾಕ್ಷ್ಯವಿತ್ತು, ವೈದ್ಯಲೋಕವು ತಡಮಾಡಿತು ಎಂಬುದೇ ಲಾಂಛನದಿಂದ ಸಾಮಾನ್ಯವಾಗಿ ತೆಗೆಯುವ ನೀತಿ. ಇದು ಸುಳ್ಳಲ್ಲ, ಆದರೆ ಅಪೂರ್ಣ. ಆ ಗೆರೆಗಳಲ್ಲಿ ಫಲವುಂಟು, ಸ್ಥಳವಿಲ್ಲ.

ಈ ಕೊರತೆಯನ್ನು ತುಂಬಿದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಭಾರತ ಸರ್ಕಾರವು 2014ರಲ್ಲಿ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಗ್ರಾಮದ ಆರೋಗ್ಯ ಸಹಾಯಕಿಯರೂ ಈ ಚುಚ್ಚುಮದ್ದಿನ ಮೊದಲ ವರಸೆಯನ್ನು ಕೊಡಬಹುದೆಂದು ವಿಧಿಸಿತು. ಬೆಳಗಾವಿ, ನಾಗಪುರಗಳನ್ನೊಳಗೊಂಡು ಆರು ದೇಶಗಳಲ್ಲಿ, ಬಹುಮಟ್ಟಿಗೆ ಗ್ರಾಮೀಣ ಸಮುದಾಯಗಳಲ್ಲಿ, ನಡೆದ ಪ್ರಯೋಗದ ಫಲಿತಾಂಶವೂ ಅದೇ ವರ್ಷ ಹೊರಬಿತ್ತು. ಬಳಕೆ ಹೆಚ್ಚಿದ ಪ್ರದೇಶಗಳಲ್ಲಿ ಸಾವಿರ ಸಜೀವ ಜನನಗಳಿಗೆ 27.4 ನವಜಾತ ಶಿಶುಗಳು ಮರಣಹೊಂದಿದ್ದವು, ಉಳಿದೆಡೆ 23.9. ಆರೂ ದೇಶಗಳನ್ನು ಕೂಡಿಸಿದ ಲೆಕ್ಕವಿದು; ಬೆಳಗಾವಿಯೊಂದರದಲ್ಲ. ಮದ್ದು ಪಡೆದ ಬಹುಮಂದಿ ತಾಯಂದಿರ ಮಕ್ಕಳು ಅತಿ ಕಡಿಮೆ ತೂಕದವುಗಳಾಗಿರಲಿಲ್ಲ. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಹಾಗಾದರೆ 1972ರ ಸಾಕ್ಷ್ಯವು ಸುಳ್ಳೇ? ಅಲ್ಲ. ಭಾರತವೂ ಸೇರಿದಂತೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ 2852 ಗರ್ಭಿಣಿಯರ ಮೇಲೆ ನಡೆದ ಮತ್ತೊಂದು ಪ್ರಯೋಗದ ವರದಿ 2020ರಲ್ಲಿ ಬಂದಿತು. ಅಲ್ಲಿ ಗರ್ಭದ ವಾರಗಳನ್ನು ಅಲ್ಟ್ರಾಸೌಂಡಿನಿಂದ ನಿರ್ಣಯಿಸಲಾಗಿತ್ತು. ಶಿಶುವಿನ ಆರೈಕೆಗೆ ಏರ್ಪಾಡಿತ್ತು. ನವಜಾತ ಶಿಶುಮರಣವು ಶೇಕಡ 23.5ರಿಂದ 19.6ಕ್ಕೆ ಇಳಿಯಿತು.

ಮದ್ದು ಬದಲಾಗಲಿಲ್ಲ, ಅದರ ಸುತ್ತಲಿನ ವ್ಯವಸ್ಥೆ ಬದಲಾಯಿತು. ಜಯನಗರ, ಬನಶಂಕರಿಗಳಲ್ಲಿ ಸ್ಕ್ಯಾನಿಂಗ್ ಕೇಂದ್ರವೂ ಆಸ್ಪತ್ರೆಯೂ ಸಮೀಪದಲ್ಲಿರುವ ನಮಗೆ ಈ ವ್ಯವಸ್ಥೆ ಕಣ್ಣಿಗೆ ಬೀಳದೆ ಹೋಗುವುದು ಸಹಜ. ಅದಿಲ್ಲದ ಹಳ್ಳಿಗೆ ಚುಚ್ಚುಮದ್ದನ್ನು ಮಾತ್ರ ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಂಡರೆ, ಶಾಸನದ ಅರ್ಧವನ್ನೋದಿ ತೀರ್ಪು ಕೊಟ್ಟಂತೆ. ಆ ತಪ್ಪಿಗೆ ತೆರುವ ಬೆಲೆ ಮಾತ್ರ ಶಿಶುಗಳ ಪ್ರಾಣ.