ನೀಲಕಂಠಕ್ಕೆ ತಾವರೆಯ ಮೇಲೇನು ಕೆಲಸ?

ಮದರಾಸಿನ ಪೆರಂಬೂರಿನಲ್ಲಿರುವ ನಮ್ಮ ಬೀದಿಯ ಅಂಗಡಿಗೆ ರಾಜ್ಯಪಕ್ಷಿ, ರಾಜ್ಯಪುಷ್ಪಗಳ ಹೊಸ ಶಾಲಾ ಚಾರ್ಟು ಬಂದಿದೆ. ಕರ್ನಾಟಕದ ಚೌಕದಲ್ಲಿ ನೀಲಕಂಠ ತಾವರೆಯ ಮೇಲೆ ಕೂತಿದೆ, ಕತ್ತು ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ. ತಮಿಳುನಾಡಿನ ಚೌಕದಲ್ಲಿ ಮರಕತ ಪಾರಿವಾಳ ಗೌರಿ ಹೂವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡಿದೆ. ರೈಲು ಬೋಗಿ ಕಟ್ಟಿ ಬಣ್ಣ ಬಳಿದು ದೇಶಕ್ಕೆಲ್ಲ ಕಳಿಸುವ ಊರಿನಲ್ಲಿ ಇಂಥದ್ದು ಮಾರಾಟಕ್ಕೆ!

ಹೆಸರು ಕೇಳಿ ಬಣ್ಣ ಹಚ್ಚುವ ಈ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ನೀಲಕಂಠದ ಕತ್ತು, ಎದೆ ಮಾಸಲು ಕಂದು, ಮೇಲೆ ತಿಳಿ ಗೀರುಗಳು. ನೆತ್ತಿ ಬಿಟ್ಟರೆ ನೀಲಿಯ ವೈಭವವೆಲ್ಲ ರೆಕ್ಕೆ, ಬಾಲದಲ್ಲಿ. ಇಲ್ಲಿಂದ ಬೆಂಗಳೂರಿನ ರೈಲು ಹತ್ತಿ ಅರಕ್ಕೋಣಂ ದಾಟಿ ತಂತಿಗಳ ಮೇಲೆ ಕಣ್ಣಿಡಿ. ಕೂತಾಗ ಮಂಕು ಹಕ್ಕಿ. ಮಿಡತೆ ಕಂಡು ಧುಮುಕಿತೋ, ಕಡುನೀಲಿ, ತಿಳಿನೀಲಿ ಪಟ್ಟೆ ಬಿಚ್ಚಿಕೊಳ್ಳುತ್ತದೆ. ಹಾರುವಾಗಲೇ ಬರೆಯಿರಿ; ತಾವರೆಗೆ ಬೇರೆ ಹಾಳೆ ಕೊಡಿ.

ಇದೇ ಹಕ್ಕಿ ಒಡಿಶಾದ ರಾಜ್ಯಪಕ್ಷಿಯೂ ಹೌದು, ತೆಲಂಗಾಣದ್ದೂ ಹೌದು. ಆಂಧ್ರ ಮಾತ್ರ ವಿಭಜನೆಯ ಬಳಿಕ, 2018ರಲ್ಲಿ, ಗಿಳಿಯತ್ತ ಹೊರಳಿತು. ಅಮೆರಿಕದಲ್ಲಿ ಏಳು ರಾಜ್ಯಗಳಿಗೆ ಕಾರ್ಡಿನಲ್ ಒಂದೇ ಹಕ್ಕಿ. 1982ರಲ್ಲಿ ಅಲ್ಲಿನ ಅಂಚೆ ಇಲಾಖೆ ಐವತ್ತು ರಾಜ್ಯಗಳ ಹಕ್ಕಿ–ಹೂಗಳ ಅಂಚೆಚೀಟಿ ತಂದಾಗ ಹಕ್ಕಿ ಬರೆದವರು ಆರ್ಥರ್ ಸಿಂಗರ್, ಹೂ ಬರೆದವರು ಅವರ ಮಗ ಆಲನ್. ಒಂದೇ ಕೆಂಪು ಹಕ್ಕಿಯನ್ನು ಏಳು ಸಲ ಬರೆಯುವ ತಂದೆಯ ತಾಳ್ಮೆಯನ್ನು ನೆನೆದುಕೊಳ್ಳಿ.

ಗೌರಿ ಹೂವಿಗೆ ಬರೋಣ. ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. 1947ರಲ್ಲಿ ಇಪ್ಪತ್ತೊಂದು ತುಂಬಿದ ರಾಜಕುಮಾರಿ ಎಲಿಜಬೆತ್‌ಗೆ ಅಂದಿನ ದಕ್ಷಿಣ ರೊಡೇಷಿಯಾದ ಶಾಲಾ ಮಕ್ಕಳು ಕೊಟ್ಟದ್ದು ಈ ಹೂವಿನ ಆಕಾರದ ವಜ್ರದ ಬ್ರೂಚ್. ತಿಂದರೆ ಪ್ರಾಣಕ್ಕೆ ಕುತ್ತು, ಗಿಡದ ತುಂಬ ಕಾಲ್ಚಿಸಿನ್ ವಿಷ. ಹಾಗಿದ್ದೂ ಬೀಜಕ್ಕಾಗಿ ತಮಿಳುನಾಡಿನ ರೈತರು ಇದನ್ನು ಹೊಲದಲ್ಲೇ ಬೆಳೆಯುತ್ತಾರೆ. ಪಾರಿವಾಳವೋ, ಕಾಡಿನ ನೆಲದಲ್ಲಿ ಉದುರಿದ ಕಾಳು ಹೆಕ್ಕುವ ನಾಚಿಕೆಯ ಜೀವ. ಅದರ ಕೊಕ್ಕಿಗೆ ಈ ಹೂ ತುರುಕಿದವರಿಗೆ ಏನೆನ್ನಲಿ!

ಈ ಹೂವಿಗೆ ಬಣ್ಣದ ಹಂಗಿಲ್ಲ. ಹಸಿರು–ಹಳದಿಯಲ್ಲಿ ಅರಳಿ ದಿನದಿನಕ್ಕೆ ಕೆಂಪಾಗುವುದರಿಂದ ಯಾವ ಬಣ್ಣ ಹಚ್ಚಿದರೂ ಒಂದು ದಿನಕ್ಕೆ ಸರಿ. ಪರೀಕ್ಷೆ ಇರುವುದು ಗೆರೆಯಲ್ಲಿ: ಹಿಂದಕ್ಕೆ ಮಡಚಿ ಮೇಲೆದ್ದ ಅಲೆಯಂಚಿನ ದಳ, ಬುಡದಲ್ಲೇ ಪಕ್ಕಕ್ಕೆ ತಿರುಗಿದ ಶಲಾಕೆ, ತುದಿಯಲ್ಲಿ ಬಳ್ಳಿಕುಡಿಯಾಗಿ ಸುರುಳಿ ಸುತ್ತುವ ಎಲೆ.

ಗೆರೆ ಕಲಿಯಬೇಕೆನ್ನುವವರಿಗೆ ನಾನು ತೋರಿಸುವುದು ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಇದೇ ಮದರಾಸಿನಲ್ಲಿ ಹೊರತಂದ ಸಸ್ಯಚಿತ್ರಗಳ ‘ಐಕೋನೆಸ್’ ಸಂಪುಟಗಳನ್ನು. 2,000ಕ್ಕೂ ಮೀರಿದ ಕಲ್ಲಚ್ಚಿನ ಫಲಕಗಳು, ಬಹುಪಾಲು ಬಣ್ಣವಿಲ್ಲದವು. ವೈಟ್‌ಗಾಗಿ ಮೊದಲು ಚಿತ್ರ ಬರೆದ ಕಲಾವಿದರು ರುಂಗಯ್ಯ, ಆಮೇಲೆ ಗೋವಿಂದು. ಅವರ ಮೂಲ ಚಿತ್ರಗಳ ದೊಡ್ಡ ಸಂಗ್ರಹ ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ವೈಟ್ ಕೃತಜ್ಞ ಮನುಷ್ಯ, ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಾ’ ಎಂದೇ ಹೆಸರಿಟ್ಟ. ಮುಂದೆ ಸಸ್ಯಶಾಸ್ತ್ರಜ್ಞರು ಅದನ್ನು ಟ್ರಾಪಿಡಿಯಾ ಕುಲದೊಳಗೆ ಸೇರಿಸಿಬಿಟ್ಟರು.